‘ಪೂರ್ತಿ ರೆಸ್ಟೋರ್ ಆಗಿದೆ’ ಅಂದ್ರೆ ಏನು? ಒಂದು ಸ್ಯಾನ್ ಸ್ಟಾರ್ಮ್ ಮಾರುವ ಮುಂಚೆ

(ವಿಡಿಯೋದಲ್ಲಿ ಆಡಿದ ಮಾತಿನ ಪಠ್ಯ. ಓದುವುದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)



ಮೊದಲು ಒಂದು ಜಾಹೀರಾತು ಓದ್ತೀನಿ, ಕೇಳಿ. “2001ರ ಸ್ಯಾನ್ ಸ್ಟಾರ್ಮ್. ಎರಡು ಸೀಟಿನ ಕನ್ವರ್ಟಿಬಲ್. ಕೆಂಪು ಬಣ್ಣ. ಪುಣೆ ರಿಜಿಸ್ಟ್ರೇಷನ್. ಪೂರ್ತಿ ರೆಸ್ಟೋರ್ ಆಗಿದೆ. ಒಂದು ರೂಪಾಯಿ ಕೆಲಸ ಇಲ್ಲ.”

2021ರ ನವೆಂಬರ್‌ನಲ್ಲಿ ನಾನು ಇದನ್ನು ಓದಿದ್ದು. ಓದಿದ ನಾಲ್ಕನೇ ದಿನಕ್ಕೆ ನಾಲ್ಕೂವರೆ ಲಕ್ಷ ಕೊಟ್ಟು ಆ ಕಾರನ್ನು ಮನೆಗೆ ತಂದೆ. ಈಗ ಅದೇ ಕಾರನ್ನು ನಾನು ಮಾರ್ತಾ ಇದೀನಿ. ಹೋದ ತಿಂಗಳು ಜಾಹೀರಾತು ಬರೆಯೋಣ ಅಂತ ಕೂತಾಗ ಬೆರಳು ತಾನಾಗಿಯೇ ಟೈಪ್ ಮಾಡಿದ್ದು ಅದೇ ಸಾಲನ್ನ: ಪೂರ್ತಿ ರೆಸ್ಟೋರ್ ಆಗಿದೆ. ಅಲ್ಲೇ ಕೈ ನಿಂತುಹೋಯ್ತು. ಇವತ್ತಿನ ಮಾತು ಈ ಮೂರು ಪದಗಳ ಬಗ್ಗೆ.

ಸ್ಯಾನ್ ಸ್ಟಾರ್ಮ್ ಅಂದ್ರೆ ಯಾವುದಪ್ಪ ಅಂತ ನಿಮ್ಮಲ್ಲಿ ಹಲವರು ಕೇಳಬಹುದು. ತಪ್ಪಿಲ್ಲ, ರಸ್ತೆಯಲ್ಲಿ ಕಾಣೋದೇ ಅಪರೂಪ. ಆದರೆ ಇದು ನಮ್ಮ ಬೆಂಗಳೂರಿನ ಕೂಸು. ವೈಟ್‌ಫೀಲ್ಡ್ ರಸ್ತೆಯಲ್ಲಿ ರೈಲಿನ ಶಂಟಿಂಗ್ ಇಂಜಿನ್ ಮಾಡುವ ಸ್ಯಾನ್ ಕಂಪನಿ ಇದೆಯಲ್ಲ, ಅವರ ಸ್ಯಾನ್ ಮೋಟಾರ್ಸ್ 1998ರಲ್ಲಿ ತಂದ ಕಾರು. ವಿನ್ಯಾಸ ಫ್ರಾನ್ಸಿನ ಲೆ ಮಾನ್ಸ್ ಗ್ರೂಪ್‌ನದು. ಇಂಜಿನ್ ರೆನೋ ಕಂಪನಿಯದು, 1149 ಸಿಸಿ, 60 ಅಶ್ವಶಕ್ತಿ. ಕಾರು ತಯಾರಾಗ್ತಾ ಇದ್ದದ್ದು ಗೋವಾದಲ್ಲಿ. ಮೈಯೆಲ್ಲ ಫೈಬರ್‌ಗ್ಲಾಸ್.

60 ಅಶ್ವಶಕ್ತಿ ಅಂದ್ರೆ ಈಗಿನ ಲೆಕ್ಕದಲ್ಲಿ ವ್ಯಾಗನ್ ಆರ್ ಆಸುಪಾಸು. ಇದನ್ನು ಸ್ಪೋರ್ಟ್ಸ್ ಕಾರ್ ಅನ್ನಬಹುದಾ ಅಂತ ಆಫೀಸಿನಲ್ಲಿ ತುಂಬಾ ಜನ ಕಾಲೆಳೆದಿದ್ದಾರೆ. ನಾನು ಹೇಳೋದಿಷ್ಟೆ: ನೆಲಕ್ಕೆ ಅಂಟಿಕೊಂಡ ಹಾಗೆ ಕೂತು, ಟಾಪ್ ತೆಗೆದು, ಡಿಸೆಂಬರ್‌ನ ಬೆಳಗ್ಗೆ ಆರು ಗಂಟೆಗೆ ಮುಳಶಿ ರಸ್ತೆಯಲ್ಲಿ ಒಂದು ಸಲ ಹೋಗಿ ಬನ್ನಿ. ಗಂಟೆಗೆ 60 ಕಿಲೋಮೀಟರ್ ವೇಗವೇ 120ರ ಥರ ಅನ್ನಿಸುತ್ತೆ. ನಾನು ಹನ್ನೆರಡು ವರ್ಷದ ಹುಡುಗ ಆಗಿದ್ದಾಗ ಬೆಂಗಳೂರಿನ ಸಿಗ್ನಲ್ ಒಂದರಲ್ಲಿ ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ಹಳದಿ ಸ್ಟಾರ್ಮ್ ಒಂದನ್ನು ನೋಡಿದ್ದೆ. ಮೇಲಿನಿಂದ ನೋಡಿದ್ರೆ ಒಳಗೆ ಕೂತವರ ಮೊಣಕಾಲು ಕಾಣಿಸ್ತಿತ್ತು. ಆ ಚಿತ್ರ ತಲೆಯಿಂದ ಹೋಗಲೇ ಇಲ್ಲ. ಇಪ್ಪತ್ತು ವರ್ಷ ಆದ್ಮೇಲೆ ಕೈಯಲ್ಲಿ ದುಡ್ಡು, ಎದುರಿಗೆ ಆ ಜಾಹೀರಾತು. ಯೋಚನೆ ಮಾಡೋಕೆ ಜಾಗ ಎಲ್ಲಿತ್ತು?

ನೋಡೋಕೆ ಹೋದಾಗ ನಾನು ಏನೇನು ನೋಡಿದೆ ಅಂತ ಹೇಳ್ತೀನಿ. ಬಣ್ಣ ನೋಡಿದೆ. ಸೀಟಿನ ಹೊಲಿಗೆ ನೋಡಿದೆ. ಸ್ಟೀರಿಂಗ್ ಹಿಡಿದು ಫೋಟೋ ತೆಗೆಸಿಕೊಂಡೆ. ಪಾಷಾಣ ಕಡೆ ಒಂದು ಸುತ್ತು ಓಡಿಸಿದೆ. ಎಂ.ಟೆಕ್. ಓದಿದವನು, ದಿನಾ ಆಫೀಸಿನಲ್ಲಿ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವವನು, ಒಂದು ಸಲವೂ ಬಗ್ಗಿ ಕಾರಿನ ಕೆಳಗೆ ನೋಡಲಿಲ್ಲ.

ಮೊದಲ ಏಳೆಂಟು ತಿಂಗಳು ಸೊಗಸಾಗಿತ್ತು. 2022ರ ಜುಲೈ, ಒಂದು ಭಾನುವಾರ. ಮಳೆ ಬಿಟ್ಟಿತ್ತು. ನಾನು, ನನ್ನ ಹೆಂಡತಿ ಸಾಸವಡ್ ಕಡೆ ಹೋಗಿ ಬೋಪದೇವ್ ಘಾಟ್ ಇಳಿದು ಬರ್ತಾ ಇದ್ವಿ. ಅವಳಿಗೆ ಆಗ ಐದು ತಿಂಗಳು. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ ನೋಡಿ, ಕಾರು ಎಡಕ್ಕೆ ಎಳೀತು. ಎಡಗಡೆ ಮುಂದಿನ ಚಕ್ರದ ಹತ್ತಿರ ಕಟಕ್ ಅಂತ ಸದ್ದು. ಮುಂದಿನ ತಿರುವಿನಲ್ಲಿ ಮತ್ತೆ ಕಟಕ್. ಎರಡನೇ ಗೇರಲ್ಲಿ, ಹ್ಯಾಜರ್ಡ್ ಲೈಟ್ ಹಾಕಿಕೊಂಡು, ಮನೆ ತಲುಪೋಕೆ ಎರಡು ಗಂಟೆ ಹಿಡೀತು. ಅವಳು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಒಂದು ಕೈ, ಹೊಟ್ಟೆ ಮೇಲೆ ಒಂದು ಕೈ.

ಮರುವಾರ ಭೋಸರಿಯ ಒಂದು ಶೆಡ್‌ಗೆ ಕಾರನ್ನು ಟೋ ಮಾಡಿಸಿಕೊಂಡು ಹೋದೆ. ಅಲ್ಲಿ ಫೈಬರ್ ಕೆಲಸ, ವೆಲ್ಡಿಂಗ್ ಎರಡೂ ಮಾಡುವವರು ಒಬ್ಬರಿದ್ದಾರೆ. ನನ್ನ ಮರಾಠಿ ಕೇಳಿ ಎರಡು ನಿಮಿಷಕ್ಕೇ “ಕನ್ನಡದವ್ರೇನ್ರೀ?” ಅಂದ್ರು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಇಪ್ಪತ್ತೈದು ವರ್ಷದಿಂದ ಇಲ್ಲೇ ಇದ್ದಾರೆ. ಕಾರನ್ನು ಮೇಲಕ್ಕೆ ಎತ್ತಿದ್ರು. ಕೆಳಗೆಲ್ಲ ದಪ್ಪನೆ ಕಪ್ಪು ಕೋಟಿಂಗ್, ನೋಡೋಕೆ ಹೊಸದರ ಹಾಗೇ ಇತ್ತು. ಎಡ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದ್ರು. ಹಿಡಿಯವರೆಗೂ ಒಳಗೆ ಹೋಯ್ತು.

ಕೋಟಿಂಗ್ ಕೆರೆದ್ರೆ ಒಳಗೆ ಕಬ್ಬಿಣ ಇರಲಿಲ್ಲ, ತುಕ್ಕಿನ ಹುಡಿ ಇತ್ತು. ಅದರ ಮೇಲೆ ಒಂದು ತಗಡಿನ ತುಂಡನ್ನು ನಾಲ್ಕು ಕಡೆ ಚುಕ್ಕಿ ಇಟ್ಟ ಹಾಗೆ ವೆಲ್ಡ್ ಮಾಡಿ, ಕಪ್ಪು ಬಳಿದಿದ್ರು. ಅಣ್ಣ ಅಂದ್ರು: “ಮ್ಯಾಲಿನ ಹೊಳಪ ನೋಡಿ ತಗೊಂಡೀರಿ ಸರ. ಫೈಬರ್ ಗಾಡಿ ಮ್ಯಾಲಿಂದ ಎಂದೂ ಖರೇ ಹೇಳೂದಿಲ್ರೀ.”

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಹಳೇ ಕಾರು ತಗೊಳ್ಳೋರಿಗೆ ಉಪಯೋಗಕ್ಕೆ ಬರುತ್ತೆ.

ಮೈಯೆಲ್ಲ ಉಕ್ಕಿನ ಕಾರಾದ್ರೆ ತುಕ್ಕು ಬಾಗಿಲಿನ ಅಂಚಲ್ಲಿ, ಚಕ್ರದ ಮೇಲಿನ ಕಮಾನಲ್ಲಿ ಬಣ್ಣದ ಗುಳ್ಳೆಯಾಗಿ ಎದ್ದು ತೋರಿಸಿಕೊಳ್ಳುತ್ತೆ. ಪುಟ್ಟಿ ಮೆತ್ತಿ ಮುಚ್ಚಿದ್ರೂ ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಇಟ್ಟು ನೋಡಿದ್ರೆ ಗೊತ್ತಾಗುತ್ತೆ. ಪುಟ್ಟಿ ದಪ್ಪ ಇರೋ ಕಡೆ ಮ್ಯಾಗ್ನೆಟ್ ನಿಲ್ಲಲ್ಲ. ಫೈಬರ್ ಕಾರಿನಲ್ಲಿ ಮ್ಯಾಗ್ನೆಟ್ ಎಲ್ಲೂ ನಿಲ್ಲಲ್ಲ, ಹಾಗಾಗಿ ಆ ಉಪಾಯ ನಡೆಯಲ್ಲ. ಫೈಬರ್ ತುಕ್ಕು ಹಿಡಿಯೋದೂ ಇಲ್ಲ. ಅದರಡಿಯ ಉಕ್ಕಿನ ಚೌಕಟ್ಟು ಮಾತ್ರ ಸದ್ದಿಲ್ಲದೆ ಸವೆಯುತ್ತೆ. ಮೇಲೆ ನೋಡಿದ್ರೆ ಕಾರು ಮದುಮಗನ ಹಾಗೇ ನಿಂತಿರುತ್ತೆ.

ಫೈಬರ್‌ನ ಪರೀಕ್ಷೆಗೆ ಬೇಕಾಗಿರೋದು ಎರಡು ರೂಪಾಯಿ ನಾಣ್ಯ. ಅಂಗುಲ ಅಂಗುಲಕ್ಕೂ ಮೆಲ್ಲಗೆ ಬಡೀತಾ ಹೋಗಬೇಕು. ಗಟ್ಟಿ ಇದ್ದ ಕಡೆ ಟಣ್ ಅನ್ನೋ ಚುರುಕು ಸದ್ದು. ಪದರ ಬಿಟ್ಟಿದ್ರೆ, ಅಥವಾ ಪುಟ್ಟಿ ತುಂಬಿದ್ರೆ ದೊಬ್ ಅನ್ನೋ ಮಂದ ಸದ್ದು. ನನ್ನ ಕಾರಿನ ಬಾನೆಟ್ ಮತ್ತು ಹಿಂದಿನ ಎಡ ಭಾಗ ಸೇರಿ ಹನ್ನೊಂದು ಕಡೆ ದೊಬ್ ಅಂತು. ಜೇಡನ ಬಲೆಯ ಥರ ಸಣ್ಣ ಬಿರುಕುಗಳ ಮೇಲೆ ನೇರ ಪುಟ್ಟಿ ಎಳೆದು ಕೆಂಪು ಬಣ್ಣ ಹೊಡೆದಿದ್ರು. ಸರಿಯಾದ ಕ್ರಮ ಬೇರೆ. ಬಿರುಕಿನ ಸುತ್ತ ಅಗಲವಾಗಿ, ಇಳಿಜಾರಾಗಿ ಕೆರೀಬೇಕು. ಗ್ಲಾಸ್ ಮ್ಯಾಟ್ ಮತ್ತು ರೆಸಿನ್ ಪದರ ಪದರವಾಗಿ ಕೂರಿಸಬೇಕು. ಒಣಗೋಕೆ ಬಿಡಬೇಕು. ಅದಾದ ಮೇಲೆ ಬಣ್ಣ. ಪುಣೆಯ ಮಳೆಗಾಲದಲ್ಲಿ ಅವಸರಪಟ್ಟು ಬಣ್ಣ ಹೊಡೆದ್ರೆ ತೇವ ಒಳಗೇ ಉಳಿದು ಬೇಸಿಗೆಯಲ್ಲಿ ಗುಳ್ಳೆ ಏಳುತ್ತೆ. ಅದಕ್ಕೇ ಅಣ್ಣ ನನ್ನ ಕಾರಿಗೆ ಬಣ್ಣ ಹೊಡೆಯೋಕೆ ದೀಪಾವಳಿ ಮುಗಿಯೋವರೆಗೂ ಕಾಯಿಸಿದ್ರು.

ವೈರಿಂಗ್‌ನದು ಇನ್ನೊಂದು ಕಥೆ. ಉಕ್ಕಿನ ಕಾರಿನಲ್ಲಿ ಮೈಯೇ ಅರ್ಥಿಂಗ್. ಬಲ್ಬಿನ ಒಂದು ತಂತಿಯನ್ನು ಹತ್ತಿರದ ಬೋಲ್ಟಿಗೆ ಕಟ್ಟಿದ್ರೆ ಮುಗೀತು. ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ. ಪ್ರತಿ ಲೈಟಿಗೂ ಬೇರೆ ಅರ್ಥ್ ತಂತಿ ಬೇಕು. ಅದರ ತುದಿ ತುಕ್ಕು ಹಿಡಿದ್ರೆ ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟ್ ಮಂಕಾಗೋದು, ಹಾರ್ನ್ ಒತ್ತಿದ್ರೆ ಮೀಟರ್ ಕುಣಿಯೋದು, ಇಂಥ ಭೂತಚೇಷ್ಟೆಗಳೆಲ್ಲ ಶುರು. ಇದನ್ನು ಪತ್ತೆ ಹಚ್ಚೋಕೆ ನನಗೇ ಮೂರು ವೀಕೆಂಡ್ ಬೇಕಾಯ್ತು.

ಇಂಜಿನ್ ಮಾತ್ರ ಒಳ್ಳೇದಿತ್ತು. ಈ ರೆನೋ ಇಂಜಿನ್ ಯುರೋಪಿನಲ್ಲಿ ಟ್ವಿಂಗೋ, ಕ್ಲಿಯೋ ಕಾರುಗಳಲ್ಲಿ ಬಂದದ್ದು. ಕೆಲವು ಸಣ್ಣಪುಟ್ಟ ಭಾಗ ನಾನಾ ಪೇಠ್‌ನ ಬಿಡಿಭಾಗದ ಅಂಗಡಿಗಳಲ್ಲಿ ಅಳತೆ ನೋಡಿ ಹೊಂದಿಸಿಕೊಂಡೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಮಾತ್ರ ಫ್ರಾನ್ಸಿಗೆ ಆನ್‌ಸೈಟ್ ಹೋಗಿದ್ದ ಸಹೋದ್ಯೋಗಿಯ ಸೂಟ್‌ಕೇಸಿನಲ್ಲಿ ಬಂತು. ಬೆಲ್ಟ್ ಬಗ್ಗೆ ಒಂದು ಮಾತು: “ಕಾರು ಓಡಿರೋದೇ ಕಮ್ಮಿ, ಬೆಲ್ಟ್ ಯಾಕೆ ಬದಲಿಸಬೇಕು” ಅನ್ನೋರಿದ್ದಾರೆ. ಅದು ರಬ್ಬರ್. ನಿಂತಲ್ಲೇ ವಯಸ್ಸಾಗುತ್ತೆ.

ಈಗ ಚೌಕಟ್ಟಿನ ವಿಷಯಕ್ಕೆ ಬರ್ತೀನಿ. ಮುಖ್ಯವಾದದ್ದು ಅದೇ. ಮೈಯನ್ನು ಚೌಕಟ್ಟಿನಿಂದ ಬೇರೆ ಮಾಡಿ, ಕೊಳೆತ ಭಾಗ ಕತ್ತರಿಸಿ, ಅದೇ ಅಳತೆ, ಅದೇ ದಪ್ಪದ ಹೊಸ ಉಕ್ಕು ಕೂರಿಸಿ ಪೂರ್ತಿ ವೆಲ್ಡ್ ಮಾಡಿದ್ರು. ಸಸ್ಪೆನ್ಷನ್ ಕೂರುವ ಬಿಂದು ಒಂದು ಮಿಲಿಮೀಟರೂ ಅಲುಗಾಡಬಾರದು ಅಂತ ಮೊದಲು ಬಲಗಡೆಯ ಅಳತೆ ತೆಗೆದು ಕಬ್ಬಿಣದ ಒಂದು ಅಚ್ಚು ಮಾಡಿಕೊಂಡ್ರು. ಈಗ ಆ ಜಾಗ ಮೊದಲಿಗಿಂತ ಗಟ್ಟಿ ಇದೆ. ಒಟ್ಟು ಖರ್ಚು ಮೂರು ಲಕ್ಷ ಎಂಬತ್ತು ಸಾವಿರ. ಹಿಡಿದ ಕಾಲ ಹತ್ತಿರ ಹತ್ತಿರ ಎರಡು ವರ್ಷ.

ಇದರ ಮಧ್ಯೆ ಒಂದು ದಿನ, ನನಗೆ ಕಾರು ಮಾರಿದವರಿಗೆ ಫೋನ್ ಮಾಡಿದ್ದೆ. ಜಗಳ ಆಡೋಕೆ ಅಂತಲೇ ಮಾಡಿದ್ದು. ಅವರು ತುಂಬಾ ಸಮಾಧಾನವಾಗಿ ಒಂದೇ ವಾಕ್ಯ ಹೇಳಿದ್ರು: “ನೀವು ಕೇಳಲೇ ಇಲ್ಲವಲ್ಲ ಸಾಹೇಬ್.”

ನಿಜ. ನಾನು ಕೇಳಿರಲಿಲ್ಲ. ಆ ವಾಕ್ಯಕ್ಕೆ ನನ್ನ ಹತ್ತಿರ ಅವತ್ತು ಉತ್ತರ ಇರಲಿಲ್ಲ.

ಸರಿ, ‘ರೆಸ್ಟೋರ್’ ಅಂದ್ರೆ ಏನು? ಇದಕ್ಕೆ ಲೋಕದಲ್ಲಿ ಒಂದು ಒಪ್ಪಿತ ಉತ್ತರ ಇದೆ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ, 2012ರಲ್ಲಿ ಟ್ಯೂರಿನ್ ಸನದು ಅಂತ ಒಂದನ್ನು ಒಪ್ಪಿಕೊಂಡಿತು. ಹಳೇ ದೇವಸ್ಥಾನ, ಕೋಟೆಗಳ ಸಂರಕ್ಷಣೆಗೆ ಹೇಗೆ ನಿಯಮ ಇದೆಯೋ ಹಾಗೆ ಕಾರುಗಳಿಗೆ. ಅದರ ಸಾರ ಸರಳ. ಉಳಿಸಬಹುದಾದ್ದನ್ನು ಉಳಿಸಿ. ಬದಲಿಸಲೇಬೇಕಾದ್ರೆ, ಯಾವುದು ಹಳೇದು, ಯಾವುದು ಹೊಸದು ಅಂತ ಗೊತ್ತಾಗೋ ಹಾಗೆ ದಾಖಲೆ ಇಡಿ. ಹೊಸದರ ಹಾಗೆ ಹೊಳೆಯಬೇಕು ಅನ್ನೋದು ಅದರ ಗುರಿಯೇ ಅಲ್ಲ.

ಇದು ನನಗೆ ಅರ್ಥ ಆಗೋದು ಕಷ್ಟವಾಗಲಿಲ್ಲ. ನಮ್ಮ ಕೆಲಸದಲ್ಲಿ ಕೋಡಿನ ಒಂದು ಸಾಲು ಬದಲಿಸಿದ್ರೂ ಯಾರು, ಯಾವಾಗ, ಯಾಕೆ ಅಂತ ಬರೆಯದೆ ಮುಂದೆ ಬಿಡಲ್ಲ. ಹಾಗಾಗಿ ಕೆಲಸ ಶುರುವಾದ ದಿನದಿಂದ ಒಂದು ಫೈಲ್ ಇಟ್ಟೆ. ಕತ್ತರಿಸುವ ಮುಂಚಿನ ಫೋಟೋ, ವೆಲ್ಡ್ ಆದ ಮೇಲಿನ ಫೋಟೋ, ಬಿಲ್ಲುಗಳು, ನಾಣ್ಯ ಬಡಿದು ಗುರುತು ಹಾಕಿದ ಕಾರಿನ ಚಿತ್ರ. ಕತ್ತರಿಸಿ ತೆಗೆದ ತುಕ್ಕಿನ ತುಂಡು ಗೋಣಿಚೀಲದಲ್ಲಿ ಈಗಲೂ ಬಾಲ್ಕನಿಯಲ್ಲಿದೆ. ಅದನ್ನು ಎಸೀರಿ ಅಂತ ಮನೆಯಲ್ಲಿ ದಿನಾ ಹೇಳ್ತಾರೆ.

ಕಾನೂನಿನ ಕಡೆಯಿಂದಲೂ ಈ ಫೈಲಿಗೆ ಬೆಲೆ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಮೈ, ಇಂಜಿನ್ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸೋಕೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅನ್ನೋ ಅಕ್ಷರ, ಹತ್ತು ವರ್ಷದ ಅವಧಿ. ದಿನನಿತ್ಯದ ಓಡಾಟಕ್ಕೆ ಅವಕಾಶ ಇಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥವಕ್ಕೆ ಮಾತ್ರ.

ನನ್ನ ಕಾರು 2001ರದ್ದು. ವಿಂಟೇಜ್ ಆಗೋದು 2051ಕ್ಕೆ. ಅಲ್ಲಿಯವರೆಗೆ ಕಾನೂನಿನ ಕಣ್ಣಿನಲ್ಲಿ ಇದು ಕ್ಲಾಸಿಕ್ಕೂ ಅಲ್ಲ, ಏನೂ ಅಲ್ಲ, ಬರೀ ಹಳೇ ಕಾರು. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಟಿಓ ಮುಂದೆ ನಿಂತು ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ಆಯ್ತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ರು. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆ ಬೇರೆ. ನನ್ನ ಕಾರನ್ನು ತಗೊಳ್ಳೋರು ಇದನ್ನೆಲ್ಲ ಹೊರಬೇಕು. 2051ರಲ್ಲಿ ಯಾರಾದ್ರೂ ಇದಕ್ಕೆ ‘ವಿಎ’ ಕೇಳಿಕೊಂಡು ಹೋದ್ರೆ, ಚೌಕಟ್ಟಿನಲ್ಲಿ ಆಗಿರೋದು ದುರಸ್ತಿಯೋ ಮಾರ್ಪಾಡೋ ಅನ್ನೋ ಪ್ರಶ್ನೆ ಬರುತ್ತೆ. ಅವತ್ತು ಮಾತಾಡೋಕೆ ಆ ಫೈಲ್ ಒಂದೇ ಇರೋದು.

ಇಷ್ಟೆಲ್ಲ ಮಾಡಿ ಯಾಕೆ ಮಾರ್ತೀರಿ ಅಂತ ಕೇಳ್ತೀರಿ. ಉತ್ತರ ಸುಲಭ. ನಾವು ಮೂರು ಜನ ಆದ್ವಿ, ಕಾರಿಗೆ ಸೀಟು ಎರಡೇ. ಮಗಳಿಗೆ ಈಗ ಮೂರು ವರ್ಷ. ಭಾನುವಾರ ಯಾರನ್ನು ಬಿಟ್ಟು ಹೋಗೋದು? ಒಂದೂವರೆ ವರ್ಷದಿಂದ ಕಾರು ಪಾರ್ಕಿಂಗ್‌ನಲ್ಲಿ ಹೊದಿಕೆಯ ಕೆಳಗೆ ಇದೆ. ನಿಂತ ಕಾರು ಓಡೋ ಕಾರಿಗಿಂತ ಬೇಗ ಹಾಳಾಗುತ್ತೆ.

ಆರೂವರೆ ಲಕ್ಷ ಅಂತ ಬೆಲೆ ಇಟ್ಟೆ. ಹಳೇ ಕಾರುಗಳ ವ್ಯವಹಾರ ಬಲ್ಲ ಏಜೆಂಟ್ ಒಬ್ಬರು ಬಂದು ನೋಡಿದ್ರು, ಮೆಚ್ಚಿದ್ರು. ನನ್ನ ಫೈಲ್ ತಿರುವಿ ಹಾಕಿ, “ಎಲ್ಲಾ ಸರಿ, ಚಾಸಿಸ್ ವೆಲ್ಡ್ ಅಂತ ಮಾತ್ರ ಎಲ್ಲೂ ಬರೀಬೇಡಿ. ಒಂದು ಲಕ್ಷ ಅಲ್ಲೇ ಹೋಗುತ್ತೆ” ಅಂದ್ರು. ಸುಳ್ಳು ಹೇಳಿ ಅಂತ ಅವರು ಹೇಳಲಿಲ್ಲ. ಸುಮ್ಮನಿರಿ ಅಂದ್ರು ಅಷ್ಟೆ.

ನಿಜ ಹೇಳ್ತೀನಿ, ನನಗೂ ಅದು ಸರಿ ಅನ್ನಿಸ್ತು. ಯಾಕಂದ್ರೆ ನನ್ನ ಕಾರಿನಲ್ಲಿ ಈಗ ಅಪಾಯ ಇಲ್ಲ. ನನಗೆ ಮಾರಿದವರು ಕೊಳೆತದ್ದನ್ನು ಮುಚ್ಚಿದ್ರು. ನಾನು ಮುಚ್ಚೋಕೆ ಹೊರಟಿರೋದು ಸರಿ ಮಾಡಿದ್ದನ್ನು. ಎರಡೂ ಒಂದೇನಾ? ಒಂದಲ್ಲ ಅಂತ ಎರಡು ದಿನ ನನಗೆ ನಾನೇ ವಾದ ಮಾಡಿಕೊಂಡೆ.

ಆಮೇಲೆ ಬೆಳಗಾವಿಯಿಂದ ಒಬ್ಬ ಹುಡುಗ ಅವರ ತಂದೆಯ ಜೊತೆ ಬಂದ. ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಬಣ್ಣ ನೋಡಿದ. ಸೀಟಿನ ಹೊಲಿಗೆ ನೋಡಿದ. ಸ್ಟೀರಿಂಗ್ ಹಿಡಿದು ಅಪ್ಪನ ಹತ್ತಿರ ಫೋಟೋ ತೆಗೆಸಿಕೊಂಡ. “ಸರ, ಟಾಪ್ ತೆಗೆದು ಓಡಿಸಬಹುದಾ?” ಅಂದ. ಕೆಳಗೆ ಬಗ್ಗಿ ನೋಡಲಿಲ್ಲ. ಚಾಸಿಸ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಪ್ಪ ಬೆಲೆಯ ಮಾತಿಗೆ ಬಂದ್ರು. ಆರಕ್ಕೆ ಮುಗಿಸೋಣ ಅಂದ್ರು. ಅಡ್ವಾನ್ಸ್ ಕೊಡೋಕೆ ಫೋನ್ ಹೊರಗೆ ತೆಗೆದ್ರು.

ಆಗ ಹೇಳಿದೆ. ಒಂದು ನಿಮಿಷ ಅಂಕಲ್, ಇದನ್ನ ನೋಡಿ ಅಂತ ಫೈಲ್ ತೆರೆದೆ. ತುಕ್ಕಿನ ಫೋಟೋ ತೋರಿಸಿದೆ, ವೆಲ್ಡ್ ತೋರಿಸಿದೆ, ಘಾಟಿನ ಕಥೆಯನ್ನೂ ಹೇಳಿದೆ. ಅವರು ನೆಲದ ಮೇಲೆ ಒಂದು ಕೈ ಊರಿ ಬಗ್ಗಿ, ಫೋನಿನ ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದ್ರು. ಎದ್ದು ಕೈ ಒರೆಸಿಕೊಂಡು ಹೇಳಿದ್ರು: “ನೀವು ಹೇಳದಿದ್ರ ನಮಗ ಗೊತ್ತಾಗ್ತಿದ್ದಿಲ್ಲರಿ. ಭಾಳ ಉಪಕಾರ ಆತು. ಆದ್ರ ಗೊತ್ತಾದ ಮ್ಯಾಲ, ಮಗಗ ಕೊಡಸಾಕ ಧೈರ್ಯ ಆಗವಲ್ದು.”

ಹೊರಟುಹೋದ್ರು. ಹುಡುಗ ಗೇಟಿನ ಹತ್ತಿರ ಒಂದು ಸಲ ತಿರುಗಿ ನೋಡಿದ, ನನ್ನನ್ನಲ್ಲ, ಕಾರನ್ನ.

ಅವತ್ತು ರಾತ್ರಿ ನನಗೆ ಬೇಜಾರಾಯ್ತು, ಸುಳ್ಳು ಹೇಳಲ್ಲ. ಕೈಗೆ ಬಂದ ಆರು ಲಕ್ಷ. ಕಾರು ಗಟ್ಟಿ ಇದೆ ಅಂತ ನನಗೆ ಗೊತ್ತು. ಆ ಅಪ್ಪ ಹೆದರಿದ್ದು ಅನಗತ್ಯ ಅಂತಲೂ ಗೊತ್ತು. ಆದರೆ ಹೆದರಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಅವರು. ಆ ಸೀಟಿನಲ್ಲಿ ಕೂರೋದು ಅವರ ಮಗ, ನಾಳೆ ಅವನ ಹೆಂಡತಿ. ಬೋಪದೇವ್ ಘಾಟಿನಲ್ಲಿ ನನ್ನ ಕಾರು ಕಟಕ್ ಅಂದಾಗ ನನಗೆ ಆ ಅವಕಾಶವನ್ನು ಯಾರೂ ಕೊಟ್ಟಿರಲಿಲ್ಲ. ‘ನೀವು ಕೇಳಲೇ ಇಲ್ಲವಲ್ಲ’ ಅನ್ನೋ ಮಾತಿಗೆ ನನ್ನ ಉತ್ತರ ಈಗ ಇದೆ: ಕೇಳೋಕೆ ಏನಿದೆ ಅಂತ ಗೊತ್ತಿದ್ದವರು ನೀವೊಬ್ಬರೇ ಆಗಿದ್ರಿ.

ಹಳೇ ಕಾರು ನೋಡೋಕೆ ಹೋಗೋರಿಗೆ ನಾಲ್ಕು ಮಾತು ಹೇಳಿ ಮುಗಿಸ್ತೀನಿ. ಒಂದು, ಕಾರನ್ನು ಮೇಲೆತ್ತಿಸಿ ನೋಡಿ. ಕೆಳಗಿನ ಕೋಟಿಂಗ್ ತೀರಾ ಹೊಸದಾಗಿದ್ರೆ ಇನ್ನೂ ಹುಷಾರಾಗಿ ನೋಡಿ. ಎರಡು, ಫೈಬರ್ ಆದ್ರೆ ನಾಣ್ಯ, ಉಕ್ಕಾದ್ರೆ ಮ್ಯಾಗ್ನೆಟ್ ಜೇಬಲ್ಲಿರಲಿ. ಮೂರು, ಚಾಸಿಸ್ ನಂಬರು, ಇಂಜಿನ್ ನಂಬರನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ್ರೆ ಅಕ್ಷರ ಮೂಡುತ್ತೆ. ನಾಲ್ಕು, ರೆಸ್ಟೋರ್ ಆಗಿದೆ ಅಂದವರನ್ನು ‘ಎಷ್ಟು ಖರ್ಚಾಯ್ತು’ ಅಂತ ಕೇಳಬೇಡಿ. ‘ಕೆಲಸ ಶುರು ಆಗೋಕೆ ಮುಂಚಿನ ಫೋಟೋ ತೋರಿಸಿ’ ಅಂತ ಕೇಳಿ.

ನನ್ನ ಜಾಹೀರಾತು ಈಗ ಹೀಗಿದೆ. “2001ರ ಸ್ಯಾನ್ ಸ್ಟಾರ್ಮ್, ಕೆಂಪು, ಪುಣೆ. ಮುಂದಿನ ಎಡ ಚೌಕಟ್ಟು ತುಕ್ಕು ಹಿಡಿದು 2022–23ರಲ್ಲಿ ಕತ್ತರಿಸಿ ಹೊಸದು ಹಾಕಿದೆ. ಮೈಯಲ್ಲಿ ಹನ್ನೊಂದು ಕಡೆ ಫೈಬರ್ ದುರಸ್ತಿ. ವೈರಿಂಗ್ ಹೊಸದು. ಇಂಜಿನ್ ಮೂಲದ್ದೇ. ಜೋರು ಮಳೆ ಬಂದ್ರೆ ಟಾಪಿನ ಬಲ ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತೆ, ಅದನ್ನು ಸರಿ ಮಾಡೋಕೆ ನನ್ನಿಂದ ಆಗಲಿಲ್ಲ. ಫೈಲ್ ಕಾರಿನ ಜೊತೆ ಬರುತ್ತೆ.”

‘ಪೂರ್ತಿ’ ಅನ್ನೋ ಪದ ತೆಗೆದು ಹಾಕಿದೆ. ಬೆಲೆ ಐದು ಲಕ್ಷ ಎಂಬತ್ತಕ್ಕೆ ಇಳಿಸಿದೆ. ಮೂರು ವಾರ ಆಯ್ತು, ಫೋನ್ ಕಮ್ಮಿ ಆಗಿದೆ. ಬರೋ ಫೋನುಗಳಲ್ಲಿ ಮಾತ್ರ ಒಂದು ವ್ಯತ್ಯಾಸ ಇದೆ. ಮೊದಲು ಎಲ್ಲರೂ ‘ಲಾಸ್ಟ್ ಪ್ರೈಸ್ ಎಷ್ಟು’ ಅಂತಲೇ ಶುರು ಮಾಡ್ತಿದ್ರು. ಮೊನ್ನೆ ಒಬ್ಬರು ‘ಆ ವೆಲ್ಡ್ ಮಾಡಿದವರ ಹತ್ತಿರ ಮಾತಾಡಬಹುದಾ’ ಅಂತ ಕೇಳಿದ್ರು. ಭೋಸರಿಯ ಅಣ್ಣನ ನಂಬರ್ ಕೊಟ್ಟೆ.

ಕಾರು ಇನ್ನೂ ಇಲ್ಲೇ ಇದೆ. ಭಾನುವಾರ ಬೆಳಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸ್ತೀನಿ. ಮಗಳು ಪಕ್ಕದ ಸೀಟಿನಲ್ಲಿ ಕೂತು ಹಾರ್ನ್ ಒತ್ತುತ್ತಾಳೆ. ಮೀಟರ್ ಈಗ ಕುಣಿಯೋದಿಲ್ಲ.